ಗೋಡೆ ದಾಟುವ ಕೋಳಿಗಳು

"ಮೆತ್ತಗೆ, ಮೆತ್ತಗೆ! ಬಾಗಿಲಿಗೆ ತಾಗುತ್ತೆ! ಅಳಿಯಂದ್ರೇ, ನಿಮ್ ಕಡೆ ಸ್ವಲ್ಪ ಎತ್ತಿ!"

ಶವದ ಪೆಟ್ಟಿಗೆಯ ಮುಂದಿನ ಮೂಲೆ ಹಿಡಿದು ಹಿಮ್ಮುಖವಾಗಿ ಅಂಗಳಕ್ಕೆ ಇಳಿಯುತ್ತಿದ್ದ ಬಡಗಿಗೆ ಹಿಂದೇನಿದೆ ಅಂತ ಕಾಣಲಿಲ್ಲ. ಅವನ ಹಿಮ್ಮಡಿ ಕೋಳಿಗೂಡಿನ ಬಾಗಿಲಿಗೆ ಆನಿಸಿಟ್ಟಿದ್ದ ಕೋಲಿಗೆ ತಾಗಿದ್ದೇ ತಡ, ಬೆಳಗಿನಿಂದ ಕೂಡಿಹಾಕಿದ್ದ ಕೋಳಿಗಳೆಲ್ಲ ಸೆರೆಮನೆ ಒಡೆದವರ ಹಾಗೆ ಹೊರಗೆ ನುಗ್ಗಿದವು. ಹೊತ್ತವರ ಕಾಲ ಸಂದಿಯಲ್ಲಿ, ಪೆಟ್ಟಿಗೆಯ ಅಡಿಯಲ್ಲಿ, ಅಳುತ್ತಿದ್ದವರ ಮಡಿಲ ಮೇಲೆ, ಎಲ್ಲೆಲ್ಲೂ ರೆಕ್ಕೆ, ಧೂಳು, ಕೊಕ್ಕೊಕ್ಕೋ. ಪೆಟ್ಟಿಗೆ ಒಂದು ಗಳಿಗೆ ತೊಟ್ಟಿಲಿನ ಹಾಗೆ ತೂಗಾಡಿತು. ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

'ಹೋಗೋ ಹೊತ್ತಲ್ಲೂ ಇವಳಿಗೆ ಮೆರವಣಿಗೆ ಬೇಕು' ಅಂದುಕೊಂಡಳು ಕಂಬಕ್ಕೆ ಒರಗಿ ನಿಂತಿದ್ದ ಚಿಕ್ಕಮ್ಮ.

ಅಣ್ಣತಮ್ಮಂದಿರ ಒಂದೇ ಹೊಲ, ನಡುವೆ ಎದೆಯೆತ್ತರದ ಕಲ್ಲುಗೋಡೆ. ಅಣ್ಣನ ಹೆಂಡತಿ ಊರಿಗೆಲ್ಲ ದೊಡ್ಡಮ್ಮ, ತಮ್ಮನ ಹೆಂಡತಿ ಊರಿಗೆಲ್ಲ ಚಿಕ್ಕಮ್ಮ. ಮದುವೆಯಾಗಿ ಬಂದ ದಿನ ಅಂಟಿದ ಆ 'ಚಿಕ್ಕ' ತಲೆ ನರೆತರೂ ಬಿಟ್ಟುಹೋಗಲಿಲ್ಲ. ಮಣ್ಣು ಅದೇ, ಬಾವಿ ಅದೇ, ಬೀಜವೂ ಅದೇ. ಆದರೆ ಗೋಡೆಯಾಚೆ ಕುಂಬಳಕಾಯಿ ಮಗುವಿನಷ್ಟು ದಪ್ಪ ಬೆಳೆದರೆ ಈಚೆ ಮುಷ್ಟಿ ಗಾತ್ರಕ್ಕೇ ನಿಟ್ಟುಸಿರು ಬಿಡುತ್ತಿತ್ತು. ಆಚೆಯ ಹಸು ಸದ್ದಿಲ್ಲದೆ ಹಾಲು ಕೊಟ್ಟರೆ ಈಚೆಯದು ತಂಬಿಗೆ ಒದೆಯುತ್ತಿತ್ತು. ಈಗ ನೋಡಿದರೆ ದೊಡ್ಡಮ್ಮನ ಸತ್ತ ಮುಖದಲ್ಲೂ ಒಂದು ಲಕ್ಷಣ! ಬೆಳಿಗ್ಗೆ ತಲೆ ಬಾಚುವಾಗ ಚಿಕ್ಕಮ್ಮ ಹತ್ತಿರದಿಂದಲೇ ನೋಡಿದ್ದಳು. ಒಂದು ಸುಕ್ಕು ಜಾಸ್ತಿ ಇದ್ದಿದ್ದರೆ ಇವಳಿಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಹೊಲದ ಮೂಲೆಯಲ್ಲಿ ಮಣ್ಣು ಮಾಡಿ ಎಲ್ಲರೂ ಅಂಗಳಕ್ಕೆ ವಾಪಸು ಬಂದು ಕೂತರು. ಕೋಳಿಗಳು ಹಿತ್ತಲ ಅಂಜೂರದ ಮರ ಹತ್ತಿದ್ದವು.

"ಉಪ್ಪು, ಬೆಂಕಿಪೆಟ್ಟಿಗೆ ಬಿಟ್ರೆ ಆಯಮ್ಮ ಅಂಗಡಿ ಮುಖ ನೋಡ್ದೋರಲ್ಲ ಕಣ್ರೀ" ಅಂದಳು ಬಟ್ಟೆ ಹೊಲಿಯೋಳು. "ಕಾಳು ಮನೇದು, ಎಣ್ಣೆ ಮನೇದು, ದಿಂಬಿನ ಹತ್ತೀನೂ ಮನೇದು."

"ನಮ್ಮನೇಲೂ ಅಷ್ಟೇ" ಅಂದಳು ಚಿಕ್ಕಮ್ಮ. ಯಾರಿಗೂ ಕೇಳಿಸಲಿಲ್ಲ.

"ಕೈಗುಣ ಅಂದ್ರೆ ಅದು" ಅಂದ ಬಡಗಿ. "ಒಣಗಿದ ಕಡ್ಡಿ ನೆಟ್ರೂ ಚಿಗುರೋದು."

"ಚಿಕ್ಕಮ್ಮಾ, ನೀವು ಪಕ್ಕದಲ್ಲೇ ಇದ್ದು ಸ್ವಲ್ಪ ಕಲ್ತ್ಕೋಬಾರ್ದಿತ್ತಾ?" ಅಂತ ಹೊಲಿಯೋಳು ನಕ್ಕಳು.

ಚಿಕ್ಕಮ್ಮನೂ ನಕ್ಕಳು. ಹಲ್ಲು ಕಚ್ಚಿಕೊಂಡೂ ನಗಬಹುದು, ಅಭ್ಯಾಸ ಇರಬೇಕು ಅಷ್ಟೆ.

*

ಕೋಳಿರೋಗ ಬಂದ ವರ್ಷ ಚಿಕ್ಕಮ್ಮನ ಗೂಡು ಪೂರ್ತಿ ಖಾಲಿಯಾಯಿತು. ಗೋಡೆಯಾಚೆ ಒಂದು ಪುಕ್ಕವೂ ಉದುರಲಿಲ್ಲ. ದೊಡ್ಡಮ್ಮ ಬುಟ್ಟಿಯಲ್ಲಿ ಮರಿಗಳನ್ನು ಹಾಕಿಕೊಂಡು ಬಂದಳು.

"ತಗೋ, ನಿಂಗೇ ಅಂತ ಆರಿಸಿ ತಂದೆ."

"ಬೇಡ ಅಕ್ಕ. ನಂಗೆ ಆ ವಾಸನೆನೇ ಆಗಲ್ಲ. ಹೋದದ್ದು ಒಳ್ಳೇದೇ ಆಯ್ತು."

ಬಾಯಿಂದ ಬಂದದ್ದು ಬಂದೇ ಹೋಯಿತು. ಆವತ್ತಿನಿಂದ ಅವಳು ಕೋಳಿ ಅಂದ್ರೆ ಆಗದವಳು. ಮೊಟ್ಟೆ ತಿನ್ನಬೇಕು ಅನಿಸಿದಾಗೆಲ್ಲ ತನ್ನ ನಾಲಿಗೆಯನ್ನೇ ಬೈದುಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ಚುಕ್ಕೆ ಕೋಳಿ ತಾನಾಗಿ ಗೋಡೆ ಹಾರಿ ಬಂದು ಇವಳ ಹುಲ್ಲಿನ ಕೊಟ್ಟಿಗೆಯಲ್ಲಿ ಮೊಟ್ಟೆ ಇಟ್ಟು ಹೋಯಿತು. ಬಿಸಿ ಮೊಟ್ಟೆ ಕೈಯಲ್ಲಿ ಹಿಡಿದು ಚಿಕ್ಕಮ್ಮ ಬಹಳ ಹೊತ್ತು ನಿಂತಳು. ವಾಪಸು ಕೊಡೋಕೆ ಗೋಡೆಯ ತನಕ ಹೋದಳು ಕೂಡ. ಅಲ್ಲಿ ದೊಡ್ಡಮ್ಮ ಯಾರಿಗೋ "ನಮ್ಮ ಕೋಳಿಗಳು ನನ್ನ ದನಿ ಬಿಟ್ಟು ಬೇರೆ ಯಾರ ದನಿಗೂ ತಿರುಗಿ ನೋಡಲ್ಲ" ಅಂತ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

ಹೌದಾ? ನೋಡೇ ಬಿಡೋಣ.

ಕಣಜದ ಕೋಣೆಯ ಬಾಗಿಲು ಹಾಕಿಕೊಂಡು ಚಿಕ್ಕಮ್ಮ ಆ ದನಿ ಕಲಿತಳು. ಕೆಳಗಿಂದ ಎದ್ದು, ನಡುವೆ ಒಡೆದು, ಕೊನೆಗೆ ಎಳೆಯುವ "ಕ್ಕೋ... ಕ್ಕೋ... ಬಾರೇಏ..." ಗಂಟಲು ಕೆರೆಯುವಷ್ಟು ಕಲಿತಳು. ತನ್ನದೂ ಒಂದು ಗುರುತಿರಲಿ ಅಂತ ಕೊನೆಗೆ ನಾಲಿಗೆಯಲ್ಲಿ 'ಟಕ್ ಟಕ್' ಸೇರಿಸಿದಳು. ಬರೀ ಕರೆದರೆ ಅವು ದೊಡ್ಡಮ್ಮನ ಗೂಡಿಗೆ, ಟಕ್ ಟಕ್ ಅಂದರೆ ಇವಳ ಕೊಟ್ಟಿಗೆಗೆ. ಆಚೆಮನೆಯವರು ಹೊಲಕ್ಕೆ ಹೋದ ಹೊತ್ತು ನೋಡಿ ಕೊಟ್ಟಿಗೆಯ ಮೂಲೆಯಿಂದ ಕರೆಯುತ್ತಿದ್ದಳು. ಗೋಡೆಯ ನೆತ್ತಿಯಲ್ಲಿ ಒಂದೊಂದೇ ಜುಟ್ಟು ಕಾಣಿಸಿಕೊಂಡಾಗ ಎದೆ ಉಬ್ಬುತ್ತಿತ್ತು. ಕುಂಬಳಕಾಯಿ ಅವಳದಾಗಲಿ, ಹಾಲು ಅವಳದಾಗಲಿ, ಅವಳ ಕೋಳಿಗಳು ಮಾತ್ರ ನನಗಾಗಿ ಗೋಡೆ ಹಾರುತ್ತವೆ!

"ಮೊಟ್ಟೆ ಎಲ್ಲಿಂದ ಬಂತೇ?" ಅಂತ ಗಂಡ ಒಮ್ಮೆ ಕೇಳಿದ್ದ.

"ತಿನ್ನೋಕೆ ಬಾಯಿದೆಯಲ್ಲ, ತಿನ್ನಿ." ಆಮೇಲೆ ಅವನು ಕೇಳಲಿಲ್ಲ.

ದೊಡ್ಡಮ್ಮ ಹಾಸಿಗೆ ಹಿಡಿದಾಗ ಬರಿಗೈಲಿ ಹೋಗೋದು ಹೇಗೆ ಅಂತ ಚಿಕ್ಕಮ್ಮ ಒಂದು ಬಟ್ಟಲು ಮೊಟ್ಟೆ ಒಯ್ದಿದ್ದಳು. ಅವಳ ಧೈರ್ಯಕ್ಕೆ ಅವಳಿಗೇ ಬೆರಗು. ದೊಡ್ಡಮ್ಮ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು.

"ಎಲ್ಲೀವೇ ಇವು?"

"ಪೇಟೆಯಿಂದ ತರ್ಸಿದ್ದು ಅಕ್ಕ."

"ಓಹೋ. ಪೇಟೆ ಕೋಳಿಗೂ ಒಳ್ಳೇ ಕಾಳೇ ಹಾಕ್ತಾರೆ ಅನ್ನು" ಅಂದು ದೊಡ್ಡಮ್ಮ ಮಗ್ಗುಲಾದಳು. ಹೊದಿಕೆಯ ಕೆಳಗೆ ಬೆನ್ನು ಸ್ವಲ್ಪ ಅಲುಗಿತು. ಕೆಮ್ಮು ಅಂದುಕೊಂಡಳು ಚಿಕ್ಕಮ್ಮ.

*

ಬಿಸಿಲು ಇಳಿಯಿತು. ದೊಡ್ಡಮ್ಮನ ಗಂಡ, ಚಿಕ್ಕಮ್ಮನ ಬಾವ, ಅಂಜೂರದ ಮರದಡಿ ಕಾಳಿನ ಡಬ್ಬ ಹಿಡಿದು ನಿಂತಿದ್ದರು. "ಬಾ ಬಾ ಬಾ" ಅಂದರು, ಡಬ್ಬ ಕುಲುಕಿದರು. ಹೊಲಿಯೋಳೂ ಕರೆದಳು. ಬಡಗಿ ಸೀಟಿ ಹೊಡೆದ. ಮೇಲಿಂದ ಬಂದದ್ದು ಹಿಕ್ಕೆ ಮಾತ್ರ, ಅದೂ ನೇರ ಬಡಗಿಯ ಭುಜಕ್ಕೆ.

"ಕತ್ತಲಾದ್ರೆ ಕಾಡುಬೆಕ್ಕು ಬಿಡಲ್ಲ" ಅಂದ ಅವನು, ಭುಜ ಒರೆಸಿಕೊಳ್ಳುತ್ತ. "ಮೊನ್ನೆ ನಮ್ಮನೇಲಿ ಮರ ಹತ್ತಿ ಹೊತ್ಕೊಂಡು ಹೋಯ್ತು."

ಬಾವ ಡಬ್ಬ ಕೆಳಗಿಟ್ಟರು. "ಅವಳ ದನಿ ಇಲ್ದೆ ಇಳಿಯಲ್ಲ ಅವು. ಬಿಡಿ. ಅವಳ ಹಿಂದೆನೇ ಹೋಗ್ಲಿ."

ಆ ಮಾತು ಚಿಕ್ಕಮ್ಮನಿಗೆ ಸುರ್ರೆಂದು ನಾಟಿತು. ಹಿಂದೆನೇ ಹೋಗಬೇಕಾ? ಜನರ ಕಣ್ಣೀರೆಲ್ಲ ಒಯ್ದಳು, ಹೊಗಳಿಕೆ ಒಯ್ದಳು, ಈಗ ಕೋಳಿಗಳನ್ನೂ ಒಯ್ಯಬೇಕಾ? ಅವು ನನ್ನವೂ ಹೌದು! ಆದರೆ ಬಾಯಿ ತೆರೆದರೆ ಇಷ್ಟು ವರ್ಷ ಮುಚ್ಚಿಟ್ಟಿದ್ದೆಲ್ಲ ಅಂಗಳದ ತುಂಬ ಹರಡುತ್ತೆ. ನಾಳೆ ಊರೆಲ್ಲ ಮೊಟ್ಟೆಗಳ್ಳಿ ಅನ್ನುತ್ತೆ.

ಮರದ ಮೇಲೆ ಚುಕ್ಕೆ ಕೋಳಿ ಕೊಂಬೆ ಬದಲಿಸಿತು. ಈಗ ಅದಕ್ಕೆ ಮುಪ್ಪು, ಹಾರಿದರೆ ಬೀಳುವಂತೆ ಹಾರುತ್ತಿತ್ತು.

ಚಿಕ್ಕಮ್ಮ ಡಬ್ಬ ಎತ್ತಿಕೊಂಡಳು.

"ಕ್ಕೋ... ಕ್ಕೋ... ಬಾರೇಏ..."

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ದೊಡ್ಡಮ್ಮನ ಮಗಳು ಒದ್ದೆ ಕೈಯಲ್ಲೇ ಹಿತ್ತಲಿಗೆ ಓಡಿಬಂದಳು. "ಅಮ್ಮಾ?"

ಬಂದವಳು ಚಿಕ್ಕಮ್ಮನನ್ನು ನೋಡಿ ಹೊಸ್ತಿಲಲ್ಲೇ ನಿಂತಳು. ಬಾವ ಮುಖ ಆಚೆ ತಿರುಗಿಸಿದರು.

ಕೋಳಿಗಳು ಕತ್ತು ಓರೆ ಮಾಡಿ ನೋಡಿದವು. ಆದರೆ ಗೂಡಿನ ಸುತ್ತ ಅಪರಿಚಿತ ಕಾಲುಗಳು, ಅಲ್ಲಿಗೆ ಹೇಗೆ ಹೋಗುವುದು? ಇಳಿಯಲಿಲ್ಲ. ಉಳಿದದ್ದು ಆ ಟಕ್ ಟಕ್ ಒಂದೇ. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡು ಮತ್ತೆ ಕರೆದಳು. ಕೊನೆಯಲ್ಲಿ ನಾಲಿಗೆ ಹೊಡೆದಳು.

ದಬದಬ ಇಳಿದವು. ಕಾಳಿನ ಡಬ್ಬವನ್ನು ತಿರುಗಿಯೂ ನೋಡದೆ ಅವಳ ಕಾಲು ಬಳಸಿ ಗೋಡೆಯ ಕಡೆ ಓಡಿದವು.

"ಅರೇ, ಅದೆಲ್ಲಿಗೆ ಹೋಗ್ತಿವೆ?" ಅಂದಳು ಹೊಲಿಯೋಳು. "ಅದು ಚಿಕ್ಕಮ್ಮನ ಕೊಟ್ಟಿಗೆ ಅಲ್ವಾ? ಕೋಳಿ ವಾಸನೆನೇ ಆಗಲ್ಲ ಅಂತಿದ್ರಲ್ಲ?"

ಚಿಕ್ಕಮ್ಮನ ಗಂಡ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ, ಇವತ್ತೇ ಕೊಂಡದ್ದೇನೋ ಎಂಬಂತೆ.

ಕೋಳಿಗಳು ಹಾರಲಿಲ್ಲ. ಗೋಡೆಗೆ ಹಬ್ಬಿದ ಅವರೆ ಬಳ್ಳಿಯೊಳಗೆ ಒಂದರ ಹಿಂದೊಂದು ನುಗ್ಗಿ, ಮೆಟ್ಟಿಲು ಹತ್ತುವ ಮುದುಕಿಯರ ಹಾಗೆ ನಿಧಾನವಾಗಿ ಮೇಲೇರಿದವು. ಚಿಕ್ಕಮ್ಮ ಹೋಗಿ ಬಳ್ಳಿ ಸರಿಸಿದಳು. ಗೋಡೆಗೆ ಓರೆಯಾಗಿ ಒಂದು ಹಲಗೆ. ಕಾಲು ಜಾರದಂತೆ ಅಡ್ಡಕ್ಕೆ ಪಟ್ಟಿಗಳು.

"ಅದಾ? ನಾನೇ ಮಾಡ್ಕೊಟ್ಟಿದ್ದು" ಅಂದ ಬಡಗಿ, ಏನೂ ಅರಿಯದವನ ಹಾಗೆ. "ಎಷ್ಟೋ ವರ್ಷ ಆಯ್ತು. 'ಗೋಡೆ ಹಾರೋಕೆ ಪಾಪ ಕಷ್ಟಪಡ್ತಾವೆ, ನಮ್ಮ ಚಿಕ್ಕಿ ಕಾಯ್ತಿರ್ತಾಳೆ' ಅಂದಿದ್ರು ದೊಡ್ಡಮ್ಮ. ಹಾಸಿಗೆ ಹಿಡಿದ ಮೇಲೂ ಹೇಳಿಕಳ್ಸಿ ಒಂದು ಪಟ್ಟಿ ಬದಲಾಯಿಸ್ಕೊಂಡ್ರು. ನಿಮ್ಗೆ ಗೊತ್ತಿಲ್ವಾ?"

ಚಿಕ್ಕಮ್ಮ ಹಲಗೆಯ ಮೇಲೆ ಕೈ ಇಟ್ಟಳು. ಹಳೆ ಪಟ್ಟಿಗಳ ಅಂಚು ಕೋಳಿಗಳ ಉಗುರುಗಳಿಗೆ ಸಿಕ್ಕಿ ನುಣುಪಾಗಿತ್ತು. ನಡುವಿನ ಒಂದು ಮಾತ್ರ ಹಸಿ ಮರದ ಬಣ್ಣ. ಗೆದ್ದಿದ್ದು ಅಂತ ಅವಳ ಪಾಲಿಗೆ ಇದ್ದದ್ದು ಅದೊಂದೇ. ಅದನ್ನೂ ದೊಡ್ಡಮ್ಮನೇ ಕೊಟ್ಟುಬಿಟ್ಟಿದ್ದಳು, ಅದೂ ಮೆಟ್ಟಿಲು ಕಟ್ಟಿಸಿ! ಹಲಗೆಯನ್ನು ಕಿತ್ತೆಸೆಯಬೇಕು ಅನಿಸಿತು. ಆದರೆ ಇನ್ನೂ ಒಂದು ಹತ್ತುತ್ತಿತ್ತು.

ಚುಕ್ಕೆ ಕೋಳಿ. ಒಂದೊಂದೇ ಪಟ್ಟಿ ಹಿಡಿದು, ಅವಳ ಬೆರಳುಗಳನ್ನೂ ತುಳಿದುಕೊಂಡು ಗೋಡೆಯ ನೆತ್ತಿಗೆ ಬಂತು. ಉಳಿದವೆಲ್ಲ ಆಚೆ ಹುಲ್ಲಿನೊಳಗೆ ಕೊಕ್ಕೊಕ್ ಅನ್ನುತ್ತಿದ್ದವು. ಇದು ಇಳಿಯಲಿಲ್ಲ. ತಿರುಗಿ ನಿಂತು ದೊಡ್ಡಮ್ಮನ ಮನೆಯ ಹಿಂಬಾಗಿಲನ್ನೇ ನೋಡತೊಡಗಿತು.

"ಟಕ್ ಟಕ್" ಅಂದಳು ಚಿಕ್ಕಮ್ಮ.

ಅದು ಕದಲಲಿಲ್ಲ. ಬೆಳಕು ಇನ್ನಷ್ಟು ಕರಗಿತು. ಜನ ಒಬ್ಬೊಬ್ಬರೇ ಎದ್ದು ಹೋದರು. ಡಬ್ಬ ಎದೆಗವಚಿಕೊಂಡು ಚಿಕ್ಕಮ್ಮ ಗೋಡೆಯ ಬುಡದಲ್ಲೇ ನಿಂತು, ಸತ್ತವಳ ದನಿಯಲ್ಲಿ, ಕರೆಯುತ್ತಲೇ ಇದ್ದಳು.