ಅದಲುಬದಲಾದ ಅಂಗಿ

ನನ್ನ ತಮ್ಮನಿಗೆ ಸಿನಿಮಾ ಹುಚ್ಚು. ಅದೂ ತಲೆಗೇರಿದ ಹುಚ್ಚು. ಮೊದಲ ಚಿತ್ರಕ್ಕೆ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಪ್ರೀತಿಸುವ ಕಥೆ ಬರೆದ. ನಿರ್ಮಾಪಕರೊಬ್ಬರು ಕಥೆ ಕೇಳಿ ಕಣ್ಣೊರೆಸಿಕೊಂಡು, "ಅದ್ಭುತ ಕಣ್ರೀ! ಆ ಎರಡನೇ ಹುಡುಗನ್ನ ಹುಡುಗಿ ಮಾಡ್ಬಿಡಿ, ನಾಳೇನೇ ಶುರು ಮಾಡೋಣ" ಎಂದರು. ತಮ್ಮ ಕೈಮುಗಿದು ಎದ್ದುಬಂದ. ಕೊನೆಗೆ ನಮ್ಮ ಮನೆಯ ತಾರಸಿಯಲ್ಲೇ ಚಿತ್ರೀಕರಣ ನಡೆಯಿತು. ಕ್ಯಾಮೆರಾ ಅವನದು, ಅಡುಗೆ ನನ್ನದು, ಕಾರು ಓಡಿಸುವುದು ನನ್ನ ಗಂಡನ ಪಾಲಿಗೆ, ನಟರ ಬಟ್ಟೆಬರೆ ಮೇಷ್ಟ್ರ ತಲೆಗೆ.

ಮೇಷ್ಟ್ರು ಎಂದರೆ ಶಾಲೆಯಲ್ಲಿ ಚಿತ್ರಕಲೆ ಕಲಿಸುವವರು, ನನ್ನ ತಮ್ಮನ ಜೊತೆ ಎಷ್ಟೋ ವರ್ಷದಿಂದ ಸಂಸಾರ ಮಾಡುತ್ತಿರುವವರು. ಸಂಸಾರ ಎಂಬ ಮಾತನ್ನು ನಾನು ರಾಜಾರೋಷವಾಗಿ ಆಡುತ್ತೇನೆ. ಅಪ್ಪನ ಬಾಯಲ್ಲಿ ಮಾತ್ರ ಅದು ಬರುತ್ತಿರಲಿಲ್ಲ. ಮೇಷ್ಟ್ರು ಮನೆಗೆ ಬಂದರೆ "ಅವರಿಗೆ ಕಾಫಿ ಕೊಡಮ್ಮ" ಎಂದು ಪೇಪರಿನ ಹಿಂದೆ ಅಡಗುವರು. ಎರಡನೇ ಚಿತ್ರ ಹೊರದೇಶದಲ್ಲಿ ಬಹುಮಾನ ಹೊಡೆದಾಗಲೂ "ಒಳ್ಳೇದು" ಎಂದರು, ಅಷ್ಟೇ. ಮಗನ ಒಂದು ಚಿತ್ರವನ್ನೂ ಅವರು ನೋಡಿರಲಿಲ್ಲ. ತಮ್ಮ ನಕ್ಕುಬಿಡುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ಮೂರನೇ ಚಿತ್ರದ ಎಡಿಟಿಂಗಿಗೆ ಕೂತಾಗ ಎಡವಟ್ಟು ಬಯಲಾಯಿತು. ನಾಯಕ ತಿಂಡಿ ತಿನ್ನುವಾಗ ಬಿಳಿ ಅಂಗಿ, ಬಾಗಿಲು ತೆಗೆದು ಬೀದಿಗೆ ಇಳಿದಾಗ ನೀಲಿ! ಒಳಗಿನದು ಒಂದು ದಿನ, ಹೊರಗಿನದು ಇನ್ನೊಂದು ದಿನ ತೆಗೆದದ್ದು. ಆ ನೀಲಿ ಅಂಗಿ ಕಥೆಯಲ್ಲಿ ಅವನ ಪ್ರಿಯಕರನದು. ಮೇಷ್ಟ್ರು ಕೊಟ್ಟರು, ತಮ್ಮ ನೋಡಿದ, ಇಬ್ಬರಿಗೂ ಏನೂ ಅನ್ನಿಸಿರಲಿಲ್ಲ. ಮತ್ತೆ ತೆಗೆಯೋಣವೆಂದರೆ ಈ ಚಿತ್ರಕ್ಕೆಂದು ಬಾಡಿಗೆಗೆ ಹಿಡಿದಿದ್ದ ಮನೆಯನ್ನೇ ಕೆಡವಿಹಾಕಿದ್ದರು.

"ಎರಡು ಜೊತೆ ಕಣ್ಣಿದ್ದೂ ಒಂದು ಅಂಗಿ ನೋಡ್ಕೊಳ್ಳೋಕೆ ಆಗ್ಲಿಲ್ವೇನ್ರೋ!" ಎಂದು ನಾನು ರೇಗಿದೆ. ಮೇಷ್ಟ್ರ ಮುಖ ಹುಳ್ಳಗಾಯಿತು. ತಮ್ಮ, "ಹೋಗ್ಲಿ ಬಿಡಕ್ಕ, ಇದ್ದ ಹಾಗೇ ಇರ್ಲಿ" ಎಂದ.

ಆ ಚಿತ್ರಕ್ಕೆ ಮೊದಲ ಸಲ ನಿಜವಾದ ಚಿತ್ರಮಂದಿರ ಸಿಕ್ಕಿತು. ಬಾಗಿಲಲ್ಲಿ ಹೌಸ್‌ಫುಲ್ ಬೋರ್ಡು ನೋಡಿ ನನ್ನ ಗಂಡ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ತಮ್ಮನ ಚಿಂತೆಯೇ ಬೇರೆ. "ಅಪ್ಪ ಕೊನೇವರೆಗೂ ಕೂತಿದ್ರೆ ಸಾಕು ಅಕ್ಕ, ಇನ್ಯಾವ ಬಹುಮಾನಾನೂ ಬೇಡ" ಎಂದ. ನಾನು ಅಪ್ಪನನ್ನು ಕೈಹಿಡಿದು ಎಳೆದು ತಂದಿದ್ದೆ. ಅಪ್ಪನಿಗೆ ಮುಜುಗರ ಆಗದಿರಲೆಂದು ಮೇಷ್ಟ್ರು ದೂರದ ಮೂಲೆಯ ಸೀಟು ಹಿಡಿದಿದ್ದರು.

ಅಪ್ಪ ಕೂತರು. ಕೊನೆಯವರೆಗೂ ಕೂತರು. ದೀಪ ಹತ್ತಿ ಚಪ್ಪಾಳೆ ನಿಂತ ಮೇಲೆ ವಿಮರ್ಶಕರೊಬ್ಬರು ಎದ್ದು, "ಬಿಳಿಯಿಂದ ನೀಲಿಗೆ ಬದಲಾಗುವ ಅಂಗಿ ಯಾವುದರ ಸಂಕೇತ?" ಎಂದು ಗಂಭೀರವಾಗಿ ಕೇಳಿದರು. ವೇದಿಕೆಯ ಮೇಲಿದ್ದ ತಮ್ಮ ಮೈಕ್ ಹಿಡಿದು ತಡವರಿಸಿದ. "ಅದು... ನಿಜ ಹೇಳ್ಬೇಕು ಅಂದ್ರೆ..."

ನನ್ನ ಪಕ್ಕದ ಸೀಟು ಕಿರುಗುಟ್ಟಿತು. ಅಪ್ಪ ಎದ್ದು ನಿಂತಿದ್ದರು.

"ಸಂಕೇತ ಏನ್ ಬಂತು ಸ್ವಾಮಿ?" ಎಂದರು. "ಬಿಳಿ ಅಂಗಿ ಮೇಲೆ ಚಹಾ ಚೆಲ್ಲಿರತ್ತೆ. ಅವಸರದಲ್ಲಿ ಕೈಗೆ ಸಿಕ್ಕಿದ್ದು ಹಾಕ್ಕೊಂಡು ಹೋಗಿರ್ತಾನೆ. ಸಂಸಾರ ಅಂದ್ಮೇಲೆ ನಿಂದು ನಂದು ಅಂತ ಇರತ್ತಾ? ಅಲ್ನೋಡಿ, ನನ್ ಮಗ ಈಗ ಹಾಕ್ಕೊಂಡಿರೋದೂ ಅವನ್ದಲ್ಲ. ನಮ್ ಕಿರಿ ಅಳಿಯಂದು."

"ಹಾಗಾದ್ರೆ ನಾನು ಹಿರಿ ಅಳಿಯ!" ಎಂದು ನನ್ನ ಗಂಡ ಕೂಗಿದ್ದು ಚಪ್ಪಾಳೆಯ ಅಬ್ಬರದಲ್ಲಿ ಮುಳುಗಿಹೋಯಿತು. ತಮ್ಮ ಮೈಕ್ ಇಳಿಸುವುದನ್ನು ಮರೆತು ಬಿಕ್ಕಿಬಿಟ್ಟ. ಅವನ ಅಳು ಇಡೀ ಚಿತ್ರಮಂದಿರಕ್ಕೆ ಕೇಳಿಸಿತು. ನಾನೂ ಮನಸಾರೆ ಅತ್ತೆ, ಅಷ್ಟು ಸಂತೋಷ ನನಗೆ.

ಅಪ್ಪ ಇನ್ನೂ ಕೂತಿರಲಿಲ್ಲ. ಮೂಲೆಯತ್ತ ಕೈಬೀಸಿ, "ಅಲ್ಯಾಕ್ರೀ ಕೂತಿದೀರಿ ಮೇಷ್ಟ್ರೇ, ಹೊರಗಿನವರ ಥರ? ಬನ್ನಿ ಇಲ್ಲಿ" ಎಂದು, ನನ್ನನ್ನು ಆಚೆ ಸರಿಸಿ ಜಾಗ ಮಾಡಿದರು.