ಕೂಗಿ ಹೇಳುವ ಗುಟ್ಟು

“ಗಟ್ಟಿಯಾಗಿ ಸಾರೋ ಬೋಳಿಮಗನೇ! ಗಂಟ್ಲಲ್ಲಿ ಮುದ್ದೆ ಸಿಕ್ಕಂಡದಾ? ಇಲ್ಲಾ ನಿಮ್ಮ ಕೇರೀಲಿ ಮುದ್ದೇನೇ ಬೆಂದಿಲ್ವಾ?”

ಪಟೇಲ ಕೋದಂಡರಾಮಪ್ಪ ಜಗಲಿಯ ಮೇಲೆ ಕಾಲು ಒತ್ತಿಸಿಕೊಳ್ಳುತ್ತ ಕೇಳಿದ. ಒತ್ತುತ್ತಿದ್ದವನು ಅವನ ಗಾಡಿ ಹೊಡೆಯುವ ಆವಲಪ್ಪ. ಮೊದಲು ನಕ್ಕವನೂ ಅವನೇ. ನಾನು ಚರಂಡಿಯ ಆಚೆ ನಿಂತಿದ್ದೆ. ಆ ಮನೆಯ ಮುಂದೆ ತೋಟಿ ನಿಂತು ತಮಟೆ ಬಡಿಯುವ ಜಾಗ ಅದು. ನಮ್ಮಪ್ಪ ನಿಂತದ್ದೂ ಅಲ್ಲೇ.

ಮತ್ತೆ ಬಡಿದೆ.

“ಕೇಳ್ರಪ್ಪೋ ಕೇಳ್ರಿ! ಯುದ್ಧದ ಕಾಲ! ಸರ್ಕಾರಕ್ಕೆ ತೋರಿಸ್ದೆ ಯಾರೇ ರಾಗಿ ಬಚ್ಚಿಟ್ಟಿರ್ಲಿ, ಹಿಡ್ಕೊಟ್ಟೋರಿಗೆ ಅದ್ರಲ್ಲಿ ಕಾಲು ಪಾಲು ಇನಾಮು! ಹೇಳ್ದೋರ ಹೆಸ್ರು ಗುಟ್ಟು! ಅವ್ರ ಮೈ ಮುಟ್ಟಿದೋರಿಗೆ ಜೈಲು! ಅಮಲ್ದಾರ್ರ ಹುಕುಂ ಅಪ್ಪೋ!”

“ಏಮಿರಾ? ಹೆಸ್ರು ಏನಂದೆ?”

“ಗುಟ್ಟು, ಸ್ವಾಮಿ.”

“ಇನ್ನೊಂದ್ಸಲ ಅನ್ನು. ಕಿವಿಗೆ ಇಂಪಾಗ್ತದೆ.”

ಇನ್ನೊಂದು ಸಲ ಅಂದೆ. ಆಮೇಲೂ ಒಮ್ಮೆ ಅನ್ನಿಸಿದ. ಹಾಗೆ ಅನ್ನಿಸುವಾಗ ಅವನ ಕಣ್ಣು ನನ್ನ ಮೇಲಿರಲಿಲ್ಲ. ಹಿತ್ತಿಲ ಹುಲ್ಲಿನ ಬಣವೆಯ ಕಡೆಗೆ ಹೋಗಿ ಬಂತು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

ಆ ಬಣವೆಯ ಕೆಳಗೆ ಹಗೇವು ಇದೆ. ನೆಲದೊಳಗೆ ಆಳವಾಗಿ ತೋಡಿದ ಗುಂಡಿ, ತುಂಬ ರಾಗಿ, ಬಾಯಿಗೆ ಚಪ್ಪಡಿ, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲು. ತೋಡಿದವರು ನಾವೇ. ಹಗೇವಿನ ಬಾಯಿ ತೆಗೆದ ಕೂಡಲೇ ಒಳಗಿಳಿಯಬಾರದು, ವಿಷಗಾಳಿ ಕಟ್ಟಿರುತ್ತದೆ. ಮೊದಲು ಲಾಟೀನು ಇಳಿಸಬೇಕು. ಅದು ಆರಿದರೆ ಕಾಯಬೇಕು. ಯುಗಾದಿ ಆದಮೇಲೆ ಒಂದು ಸಂಜೆ ರಾಯಲ್ಪಾಡಿನ ಆಚೆಯ ಸಾಹುಕಾರನ ಗಾಡಿಗಳು ರಾಗಿ ಹೇರಲು ಬಂದು ನಿಂತಿದ್ದವು. ಲಾಟೀನು ಇಳಿಸಿದರು. ಆರಿತು. “ಮೇಲಿನ ಗಾಳಿಗೆ ಆರಿರೋದು, ಇಳಿಯೋ ಕಳ್ಳ ನನ್ಮಗನೇ” ಎಂದ ಪಟೇಲ. ನಮ್ಮಣ್ಣ ಗಂಗುಲಪ್ಪ ಇಳಿದ. ಹಗ್ಗ ಎಳೆದಾಗ ಹೆಣ ಬಂತು.

ಹಾವು ಮುಟ್ಟಿ ಸತ್ತ ಎಂದು ಪಟೇಲನೇ ಸಾವು ಬರೆಸಿದ. ಅತ್ತಿಗೆ ಕದಿರಮ್ಮ ಹೆಣ ತೊಳೆಯುವಾಗ ಅಂಗಾಲಿನಿಂದ ನೆತ್ತಿಯವರೆಗೂ ಹುಡುಕಿದಳು. ಹಲ್ಲಿನ ಗುರುತು ಎಲ್ಲೂ ಇರಲಿಲ್ಲ. ಮೂಗಿನೊಳಗೆ ರಾಗಿ ಇತ್ತು.

ಹಗೇವು ಬಾಯಿಬಿಟ್ಟರೆ ಅಣ್ಣನ ಸಾವೂ ಬಾಯಿಬಿಡುತ್ತದೆ. ಅತ್ತಿಗೆಗೆ ಬೇಕಾದದ್ದು ಅದು. ನನಗೂ.

ಸಾರಿ ಮುಗಿಸಿ ಕೇರಿಗೆ ಬಂದರೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹಗೇವಿನ ಜಾಗ ಎಲ್ಲರಿಗೂ ಗೊತ್ತು. ಯಾರು ಹೇಳಿದರೂ ಪಟೇಲನ ದೊಣ್ಣೆ ಎಲ್ಲರ ಬೆನ್ನಿಗೂ ಬೀಳುತ್ತದೆ.

“ಹೆಸ್ರು ಗುಟ್ಟಂತೆ!” ಎಂದು ಮುದುಕ ದೊಡ್ಡವೆಂಕಟಪ್ಪ ಎಲೆಯಡಿಕೆ ಉಗಿದ. “ಕಾಲು ಪಾಲು ರಾಗಿ ಹೊತ್ಕೊಂಡು ಬರೋವಾಗ ಮೂಟೆಗೆ ಸೀರೆ ಉಡಿಸ್ತಾರೇನ್ಲಾ? ನಮ್ಮ ಒಲೆ ಹೊಗೆ ಕಂಡ್ರೇ ಸಾಕು, ಇವ್ನೇ ಅಂತಾರೆ.”

“ಇನಾಮು ಅವ್ರೇ ತಿಂದ್ಕೊಳ್ಳಿ” ಎಂದಳು ಅತ್ತಿಗೆ. ಆಮೇಲೆ ನನ್ನ ಕಡೆ ತಿರುಗಿ, “ಲೇ ಕದಿರೇಶ, ಊರಿಗೆಲ್ಲ ಸಾರ್ದೋನು ನೀನು. ಅದು ನಿಜಾನಾ?”

“ನಾನು ಬರೀ ಬಾಯಿ ಅತ್ತಿಗೆ. ಮಾತು ಅವ್ರದು.”

“ಹಂಗಾದ್ರೆ ಹೋಗಿ ಕೇಳ್ಕೊಂಡ್ ಬಾ.”

ಶ್ರೀನಿವಾಸಪುರಕ್ಕೆ ನಡೆದೆ. ಕಚೇರಿಯ ಅಂಗಳದ ಹುಣಸೇಮರದ ಕೆಳಗೆ ಜನ ತುಂಬಿದ್ದರು. ಮೆಟ್ಟಿಲ ಹತ್ತಿರ ಜವಾನ ಕೋಲು ಅಡ್ಡ ಹಿಡಿದ.

“ಯಾವ ಕೇರಿಯೋನ್ಲಾ? ಎಲ್ಲಿಗೆ ನುಗ್ತೀಯ?”

“ಸಾಹೇಬ್ರಿಗೆ ಒಂದು ಗುಟ್ಟು ಹೇಳ್ಬೇಕು ಸ್ವಾಮಿ.”

ಅಮಲ್ದಾರ ಕಿಟಕಿಯ ಹತ್ತಿರ ಬಂದ. ಒಳ್ಳೆಯ ಮುಖ. “ಹೇಳಪ್ಪಾ, ಹೆದರಬೇಡ. ಕಾನೂನು ನಿನ್ನ ಕಡೆ ಇದೆ. ನಿನ್ನ ಹೆಸರು ಗಾಳಿಗೂ ಗೊತ್ತಾಗೋದಿಲ್ಲ.”

ನಾನು ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಕೋಲು ಎದೆಗೆ ಬಿತ್ತು. ಅಮಲ್ದಾರ ಮೂಗಿಗೆ ಅಂಗವಸ್ತ್ರ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದ.

“ಅಲ್ಲಿಂದಲೇ ಹೇಳಪ್ಪ. ಮರದ ಹತ್ತಿರ ನಿಂತುಕೋ.”

“ಗುಟ್ಟು, ಸ್ವಾಮಿ…”

“ಕೇಳಿಸುತ್ತಿಲ್ಲ. ಸ್ವಲ್ಪ ಗಟ್ಟಿಯಾಗಿ ಹೇಳು.”

ಮರದ ಕೆಳಗಿನ ಜನವೆಲ್ಲ ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಗುಟ್ಟು ಹೇಳುವುದಕ್ಕೆ ಕಿವಿಯ ಹತ್ತಿರ ಬಾಯಿ ಹೋಗಬೇಕು. ನಮ್ಮ ಬಾಯಿ ಅವರ ಯಾವ ಕಿವಿಯ ಹತ್ತಿರ ಹೋಗಿದೆ? ಆ ಗುಂಪಿನಲ್ಲಿ ಆವಲಪ್ಪ ಗಾಡಿಯ ನೊಗಕ್ಕೆ ಒರಗಿ ಬೀಡಿ ಸೇದುತ್ತಿದ್ದ. ಕಿವಿಯ ಹಿಂದೆ ಕೈ ಇಟ್ಟುಕೊಂಡು ನನ್ನ ಕಡೆಗೆ ಬಗ್ಗಿದ.

“ತಮಟೆ ಚರ್ಮ ಹರಿದದೆ ಸ್ವಾಮಿ” ಎಂದೆ. “ಹೊಸ್ದು ಕೊಡಿಸ್ಬೇಕು.”

ಅಂಗಳವೆಲ್ಲ ನಕ್ಕಿತು. “ಇದಾ ಗುಟ್ಟು? ಒದ್ದು ಓಡಿಸ್ರೋ ಇವನನ್ನ” ಎಂದು ಅಮಲ್ದಾರ ಒಳಗೆ ಹೋದ.

ಊರಿಗೆ ನಾನು ಮುಟ್ಟುವ ಮೊದಲೇ ಆವಲಪ್ಪನ ಗಾಡಿ ಮುಟ್ಟಿತ್ತು. ಪಟೇಲ ಚರಂಡಿಯವರೆಗೂ ಇಳಿದು ಬಂದ.

“ತಮಟೆಗೆ ಚರ್ಮ ಬೇಕಂತಲ್ಲೋ? ನಿನ್ನ ಬೆನ್ನ ಮೇಲೇ ಅದೆಯಲ್ಲ. ಅಮಲ್ದಾರನ್ನ ಯಾಕೆ ಕೇಳ್ತೀಯ, ನನ್ನ ಕೇಳು, ನಾನೇ ಸುಲ್ದು ಕೊಡ್ತೀನಿ.” ದನಿ ತಗ್ಗಿಸಿದ. “ನಾಳೆ ಸಾಹೇಬ್ರು ನಮ್ಮೂರಿಗೆ ಬರ್ತಾರೆ. ಈ ಊರಲ್ಲಿ ಬಚ್ಚಿಟ್ಟ ರಾಗಿ ಒಂದು ಕಾಳೂ ಇಲ್ಲ ಅಂತ ಅವ್ರ ಮುಂದೆ ನೀನೇ ಸಾರ್ತೀಯ. ಇಲ್ಲಾ, ನಿಮ್ಮಣ್ಣನ್ನ ಮುಟ್ಟಿದ ಹಾವು ಇನ್ನೂ ಇಲ್ಲೇ ಎಲ್ಲೋ ಅದೆ ಕಣೋ.”

ಮನೆಗೆ ಬಂದು ಅತ್ತಿಗೆಗೆ ಎಲ್ಲ ಹೇಳಿದೆ. ಅವಳು ಮೂಲೆಯ ಲಾಟೀನು ತೆಗೆದು ಗಾಜು ಒರೆಸತೊಡಗಿದಳು.

“ಪಿಸುಗುಟ್ಟೋಕೆ ಬಿಡ್ಲಿಲ್ಲ ಅಲ್ವಾ? ಕೂಗೋಕೆ ಬಿಟ್ಟವ್ರೆ. ನಿಂಗೆ ಕೂಗೋದು ತಾನೇ ಬರೋದು?” ಎಂದಳು.

ಮರುದಿನ ಅಮಲ್ದಾರ ಪಟೇಲನ ಜಗಲಿಯಲ್ಲಿ ಕೂತು ಬೆಳ್ಳಿ ಲೋಟದಲ್ಲಿ ಹಾಲು ಕುಡಿಯುತ್ತಿದ್ದ. ಊರು ಬೀದಿಯಲ್ಲಿ ನೆರೆದಿತ್ತು. ಕೇರಿಯವರು ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಪಟೇಲ ಕಣ್ಸನ್ನೆ ಮಾಡಿದ. ನಾನು ತಮಟೆ ಬಡಿದೆ. ಬಡಿಯುತ್ತ ಚರಂಡಿ ದಾಟಿದೆ.

“ಲೇಯ್!” ಎಂದ ಆವಲಪ್ಪ.

ಜಗಲಿಯ ಪಕ್ಕದಿಂದ ಹಿತ್ತಿಲಿಗೆ ನುಗ್ಗಿದೆ. ಬಣವೆಗೆ ಬೆನ್ನು ಕೊಟ್ಟು, ಜಗಲಿ, ಬೀದಿ ಎರಡೂ ಕಾಣುವಲ್ಲಿ ನಿಂತು ಎದೆ ಬಿರಿಯುವಂತೆ ಕೂಗಿದೆ.

“ಕೇಳ್ರಪ್ಪೋ ಕೇಳ್ರಿ! ಅಮಲ್ದಾರ್ರಿಗೆ ಗುಟ್ಟು! ಈ ಬಣವೆ ಕೆಳಗೆ ಪಟೇಲನ ಹಗೇವು! ನಮ್ಮಣ್ಣ ಗಂಗುಲಪ್ಪ ಸತ್ತಿದ್ದು ಇದ್ರೊಳಗೆ, ಹಾವಿಂದಲ್ಲ! ಹೇಳ್ದೋನು ತೋಟಿ ಕದಿರೇಶ! ಹೆಸ್ರು ಗುಟ್ಟು! ಯಾರಿಗೂ ಹೇಳ್ಬ್ಯಾಡ್ರಪ್ಪೋ!”

ಅಮಲ್ದಾರನ ಲೋಟ ತುಟಿಯ ಹತ್ತಿರವೇ ನಿಂತಿತು. “ಏನ್ರೀ ಪಟೇಲರೇ ಇದು?” ಎಂದ. ಆದರೆ ಏಳಲಿಲ್ಲ.

“ಕುಡಿದವ್ನೆ ಸ್ವಾಮಿ, ಹಾಲು ಆರ್ತದೆ” ಎಂದು ಪಟೇಲ ನಕ್ಕ. ಅವನ ಆಳುಗಳು ದೊಣ್ಣೆ ಹಿಡಿದು ಹಿತ್ತಿಲಿಗೆ ಬರತೊಡಗಿದರು. ನಾನು ಬಡಿತ ನಿಲ್ಲಿಸಲಿಲ್ಲ.

ಆಗ ಬೀದಿಯ ಜನ ಇಬ್ಭಾಗವಾದರು. ಅತ್ತಿಗೆ ಬರುತ್ತಿದ್ದಳು. ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದ ಹೊತ್ತಿನಲ್ಲಿ ಹೊತ್ತಿಸಿದ ಲಾಟೀನು ಹಿಡಿದು, ಅದಕ್ಕೆ ಉದ್ದನೆಯ ಹಗ್ಗ ಕಟ್ಟಿಕೊಂಡು. ಅವಳೂ ಚರಂಡಿ ದಾಟಿದಳು. ಜಗಲಿಯ ಮುಂದೆ ನಿಂತು, ಯಾವತ್ತೂ ಎತ್ತದ ಮುಖ ಎತ್ತಿ, ಲಾಟೀನನ್ನು ಅಮಲ್ದಾರನ ಮೂಗಿನ ಹತ್ತಿರಕ್ಕೆ ಚಾಚಿದಳು.

“ತಗಳಿ ಸ್ವಾಮಿ. ನೀವೇ ಇಳಿಸಿ ನೋಡಿ, ಆರ್ತದೋ ಇಲ್ವೋ.”