ಸಾಹುಕಾರನ ಬೆಲ್ಟು

ನಾನು ಒಂದು ಬೆಲ್ಟು. ಸೊಂಟಕ್ಕೆ ಕಟ್ಟುವಂಥದ್ದಲ್ಲ, ನಾಯಿಯ ಕೊರಳಿಗೆ ಹಾಕುವಂಥದ್ದೂ ಅಲ್ಲ. ಇಗ್ವಾನಾ ಎಂಬ, ದೊಡ್ಡ ಓತಿಕ್ಯಾತದಂಥ ಪರದೇಶದ ಹಸಿರು ಪ್ರಾಣಿಯೊಂದರ ಎದೆಗೆ ಕಟ್ಟಲೆಂದು, ಮೈಸೂರಿನ ಬಾಡಿಗೆ ಮನೆಯೊಂದರ ಮಹಡಿಯಲ್ಲಿ ಸುಗುಣ ನನ್ನನ್ನು ಕೈಯಲ್ಲೇ ಹೊಲಿದಳು. ಗಂಡ ಪ್ರಭಾಕರನ ಹಳೆಯ ಆಫೀಸು ಬ್ಯಾಗಿನ ಪಟ್ಟಿಯನ್ನು ಕತ್ತರಿಸಿ, ಒಳಗಡೆ ಫ್ಲಾನೆಲ್ ಬಟ್ಟೆ ಕೊಟ್ಟು, ಮುಂಗಾಲುಗಳ ಹಿಂದೊಂದು ಮುಂದೊಂದು ಸುತ್ತು ಬರುವಂತೆ ಮಾಡಿದಳು. ಪ್ರತಿ ಹೊಲಿಗೆಯನ್ನೂ ತನ್ನ ಮಣಿಕಟ್ಟಿಗೆ ಉಜ್ಜಿ ನೋಡಿದಳು. ಚುಚ್ಚಿದ ಕಡೆ ಬಿಚ್ಚಿ ಮತ್ತೆ ಹೊಲಿದಳು.

ಆ ಪ್ರಾಣಿಯನ್ನು ತಂದವನು ಅವಳ ಮೈದುನ. ಅಂಗೈಯಷ್ಟಿದ್ದಾಗ ಭುಜದ ಮೇಲಿಟ್ಟುಕೊಂಡು ಫೋಟೊ ತೆಗೆಸಿಕೊಂಡ. ಬಾಲವೇ ಮೊಳ ದಾಟಿದ ಮೇಲೆ, "ಅತ್ತಿಗೆ, ನೀವೇ ಇಟ್ಕೊಳ್ಳಿ, ನಿಮ್ಮ ಕೈಯಲ್ಲೇ ಅಲ್ವಾ ತಿನ್ನೋದು" ಎಂದು ಬಿಟ್ಟುಹೋದ. ಗಲ್ಲದಡಿ ಜೋಲುವ ಚರ್ಮ, ಯಾರನ್ನೂ ಲೆಕ್ಕಿಸದ ನೋಟ. ಸುಗುಣ ಅದಕ್ಕೆ ಸಾಹುಕಾರ ಎಂದು ಹೆಸರಿಟ್ಟಳು.

ಒಂದು ದಿನ ಸಾಹುಕಾರನ ಹಿಂಗಾಲು ನಡುಗತೊಡಗಿತು. ಪಶುವೈದ್ಯರು ದವಡೆ ಮುಟ್ಟಿ ನೋಡಿ, "ಬಿಸಿಲು ಕಾಣದೆ ಮೂಳೆ ಮೆತ್ತಗಾಗ್ತಿದೆ ಅಮ್ಮ. ದಿನಾ ಬಿಸಿಲಿಗೆ ಬಿಡಿ, ಇಲ್ಲಾಂದ್ರೆ ಉಳಿಯಲ್ಲ" ಅಂದರು. ಬಿಟ್ಟರೆ ಓಡಿಹೋಗುವ ಪ್ರಾಣಿ. ಬೀದಿಯ ತುಂಬ ನಾಯಿಗಳು. ಆ ಭಯದಿಂದಲೇ ನಾನು ಹುಟ್ಟಿದ್ದು.

ಸಾಹುಕಾರನಿಗೆ ನನ್ನನ್ನು ಕಂಡರಾಗುತ್ತಿರಲಿಲ್ಲ. ಮೊದಲ ಸಲ ಬೆನ್ನ ಮೇಲಿಟ್ಟಾಗ ಬಾಲದಿಂದ ಬಾರಿಸಿದ. ಸುಗುಣಳ ಮುಂಗೈಯಲ್ಲಿ ಬರೆ ಎದ್ದಿತು. ಅವಳು ಗದರಲಿಲ್ಲ. ನುಗ್ಗೆಸೊಪ್ಪಿನ ತಟ್ಟೆಯ ಪಕ್ಕದಲ್ಲಿ ನನ್ನನ್ನು ಸುಮ್ಮನೆ ಬಿಟ್ಟಳು. ನನ್ನ ವಾಸನೆ ಅವನಿಗೆ ಊಟದ ವಾಸನೆಯಾಗುವವರೆಗೂ ಕಾದಳು. ಆಮೇಲೆ ಸಡಿಲವಾಗಿ ಕಟ್ಟಿ, ದಾಸವಾಳದ ಹೂವು ತಿನ್ನಿಸಿ, ತಿಂದು ಮುಗಿಸುವುದರೊಳಗೆ ಬಿಚ್ಚುವಳು. ನನಗೆ ಕಟ್ಟಿದ ಹಗ್ಗವನ್ನು ಎಂದೂ ಎಳೆಯುತ್ತಿರಲಿಲ್ಲ. ಅವನು ನಿಂತರೆ ತಾನೂ ನಿಲ್ಲುವಳು.

ಹೀಗೆ ನಾವು ಮೆಟ್ಟಿಲಿಳಿದು ಕೆಳಗಿನ ಹಿತ್ತಲಿಗೆ ಬಂದೆವು. ಬಿಸಿಲು ಬಿದ್ದೊಡನೆ ಅವನ ಎದೆ ನನ್ನೊಳಗೆ ಹಿಗ್ಗುತ್ತಿತ್ತು. ಕಾಲಿನ ನಡುಕ ನಿಂತಿತು. ಸಪೋಟ ಮರವನ್ನು ಹತ್ತುವಷ್ಟು ಬಲ ಬಂತು.

ಹತ್ತಿದ್ದೇ ತಪ್ಪಾಯಿತು. ಒಂದು ಬೆಳಿಗ್ಗೆ ಕಾಗೆಗೆ ಹೆದರಿ ಕೊಂಬೆಯಿಂದ ಜಾರಿದವನು, ಕೆಳಗೆ ಪೂಜೆಗೆ ಹೂವು ಬಿಡಿಸುತ್ತಿದ್ದ ಮನೆ ಓನರ್ ನಂಜುಂಡಯ್ಯನವರ ಬೋಳುತಲೆಯ ಮೇಲೆ ಬಿದ್ದ. ಅವರ ಹೆಂಡತಿ ಗಿರಿಜಮ್ಮ ಓಡಿಬಂದರು.

"ಹಲ್ಲಿ ತಲೆ ಮೇಲೆ ಬಿದ್ರೆ ಪ್ರಾಣಭಯ ಕಣೇ" ಅಂದರು ನಂಜುಂಡಯ್ಯ.

"ಇದು ಹಲ್ಲಿಯಲ್ಲಾರೀ, ಓತಿಕ್ಯಾತದ ಜಾತಿ. ಓತಿಕ್ಯಾತ ಮೈ ಹತ್ತಿದ್ರೆ ಮಾತ್ರ ಫಲ, ಬಿದ್ರೆ ಇಲ್ಲ."

"ಬಿದ್ದೂ ಆಯ್ತು, ಕಿವಿ ಹಿಡ್ಕೊಂಡು ಹತ್ತಿದ್ದೂ ಆಯ್ತು. ಈಗ ಯಾವ ಫಲ ಅಂತೀಯ?"

"ಮೊದ್ಲು ತಲೆಗೆ ನೀರು ಹಾಕ್ಕೊಳ್ಳಿ. ಆಮೇಲೆ ನೋಡೋಣ."

ಸ್ನಾನಕ್ಕೆ ಹೋಗುತ್ತ ಅವರು ಮಹಡಿಯ ಕಡೆ ಮುಖ ಮಾಡಿ, "ಪ್ರಭಾಕರ, ಅದನ್ನ ಇನ್ಮೇಲೆ ಕೆಳಗೆ ತರ್ಬೇಡಪ್ಪ" ಅಂದರು. ಪ್ರಭಾಕರ ಮೇಲಿಂದಲೇ ಕೈ ಮುಗಿದ.

"ಮುಂದಿನ ಕೋಣೆ ಕಿಟಕಿಯಲ್ಲಿ ಬೇಕಾದಷ್ಟು ಬಿಸಿಲು ಬೀಳುತ್ತೆ. ಅಲ್ಲೇ ಮಲಗಿಸು" ಎಂದ ಹೆಂಡತಿಗೆ.

"ಅದು ಕೂರಿಸಿಬಿಟ್ಟಿರೋ ಗಾಜು ರೀ. ತೆಗೆಯೋಕೂ ಬರಲ್ಲ."

"ಗಾಜಾದ್ರೇನು, ಬಿಸಿಲು ಬಿಸಿಲೇ."

"ಓನರ್‌ನ ಒಂದ್ಸಲ ಕೇಳಿ ನೋಡಿ. ಬೇಕಾದ್ರೆ ನಾನೇ ಕೇಳ್ತೀನಿ."

"ನೀನು ಸುಮ್ನಿರು. ಮನೆ ಬಿಡಿ ಅಂದ್ರೆ ಎಲ್ಲಿಗೆ ಹೋಗ್ತೀಯ, ಆ ಹಲ್ಲಿ ಬೆನ್ನ ಮೇಲೆ ಕೂತ್ಕೊಂಡಾ?"

ಸುಗುಣ ನನ್ನನ್ನು ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕಿದಳು. ಸಾಹುಕಾರ ಗಾಜಿಗೆ ಮೈಯೊತ್ತಿ ಕಣ್ಣು ಮುಚ್ಚಿ ಮಲಗುತ್ತಿದ್ದ. ನೋಡಿದವರು ಸುಖವಾಗಿದ್ದಾನೆ ಎನ್ನಬೇಕು, ಹಾಗೆ. ಅವಳೂ ಹಾಗೇ ನಂಬಲು ಯತ್ನಿಸಿದಳು. ಆದರೂ ಹೋಗುತ್ತ ಬರುತ್ತ ಅವನ ಕಾಲನ್ನೇ ನೋಡುವಳು. ಕೆಲವೊಮ್ಮೆ ಅವನು ಗೋಡೆಯ ಬುಡಕ್ಕೆ ಬಂದು ತಲೆಯೆತ್ತಿ ನನ್ನನ್ನು ನೋಡುತ್ತಿದ್ದ. ಮೊಳೆಯಿಂದ ಇಳಿಯುವುದು ನನ್ನ ಕೈಲಿರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಅವನ ದವಡೆ ಊದಿತು. ಎಲೆ ಬಾಯಿಂದ ಜಾರತೊಡಗಿತು. ವೈದ್ಯರ ಮುಂದೆ ಸುಗುಣ, "ದಿನಾ ಬಿಸಿಲಲ್ಲೇ ಇರ್ತಾನೆ ಸಾರ್, ಕಿಟಕಿ ಹತ್ರ" ಅಂದಳು.

"ಗಾಜಿನ ಹಿಂದಿನ ಬಿಸಿಲಲ್ಲಿ ಮೈ ಬೆಚ್ಚಗಾಗುತ್ತೆ, ಅಷ್ಟೆ. ಮೂಳೆಗೆ ಬೇಕಾದ್ದು ಗಾಜು ದಾಟಿ ಬರಲ್ಲ ಅಮ್ಮ" ಅಂದರು ಅವರು.

ಮನೆಗೆ ಬಂದವಳು ಯಾರನ್ನೂ ಕೇಳಲಿಲ್ಲ. ನನ್ನನ್ನು ಅವನಿಗೆ ಕಟ್ಟಿ, ಎತ್ತಿಕೊಂಡು ನೇರ ಹಿತ್ತಲಿಗಿಳಿದಳು. ಕೊಂಡಿಯನ್ನು ಕಡೆಯ ತೂತಿಗೆ ಬಿಗಿದರೂ ನಾನು ಅವನ ಮೈಮೇಲೆ ಜೋಲುತ್ತಿದ್ದೆ. ಪಕ್ಕೆಲುಬುಗಳು ಹಸಿ ಕಡ್ಡಿಯಂತೆ ಬಾಗುತ್ತಿದ್ದವು.

ನಂಜುಂಡಯ್ಯ ಜಗಲಿಯಿಂದ ಎದ್ದು ಬಂದರು. "ಏನಮ್ಮ, ಸಾಹುಕಾರರು ಕಾಣ್ತಾನೇ ಇರ್ಲಿಲ್ಲ?"

"ನೀವೇ ತರ್ಬೇಡಿ ಅಂದಿದ್ರಲ್ಲ."

"ಅಯ್ಯೋ, ತಲೆಗೆ ನೀರು ಹಾಕ್ಕೊಂಡ್ಮೇಲೆ ಅದು ಮುಗೀತಲ್ಲಮ್ಮ. ನಾನು ಅವತ್ತೇ ಮರ್ತೆ. ಪ್ರಭಾಕರ ಒಂದು ಮಾತು ಕೇಳಿದ್ರೆ ನಾನು ಬೇಡ ಅಂತಿದ್ನಾ?"

ಸುಗುಣ ಸಾಹುಕಾರನನ್ನು ಬಿಸಿಲಿಗೆ ಮಲಗಿಸಿದಳು. ಅವನ ಎದೆ ನನ್ನೊಳಗೆ ಒಮ್ಮೆ ಹಿಗ್ಗಿತು. ಮತ್ತೊಮ್ಮೆ ಹಿಗ್ಗೀತೆಂದು ನಾನೂ ಅವಳೂ ಕಾಯುತ್ತಲೇ ಇದ್ದೆವು.

ಸಂಜೆ ಪ್ರಭಾಕರ, "ಹೋಗ್ಲಿ ಬಿಡು. ಬೆಕ್ಕಿನ ಮರಿ ತರೋಣ" ಅಂದ. ಸುಗುಣ ಅವನಿಗೆ ತಟ್ಟೆಯಿಟ್ಟು, ಬಡಿಸಿ, ಒಳಗೆ ಹೋದಳು. ಕೇಳಿದವರಿಗೆಲ್ಲ ಅವನು, "ಎಷ್ಟು ಬಿಸಿಲಲ್ಲಿಟ್ರೂ ಉಳೀಲಿಲ್ಲ" ಎಂದು ಹೇಳುತ್ತಾನೆ. ಅವಳು ತಿದ್ದುವುದಿಲ್ಲ. ಆದರೆ ಅಂದಿನಿಂದ ಯಾವುದಕ್ಕೂ ಅವನನ್ನು ಕೇಳಿಯೂ ಇಲ್ಲ.

ನನ್ನನ್ನು ಪ್ರಭಾಕರ ಕೆಲಕಾಲ ಸ್ಕೂಟರಿನ ಹಿಂದೆ ಸಾಮಾನು ಕಟ್ಟಲು ಬಳಸಿದ. ಕೊಂಡಿ ಮುರಿದ ಮೇಲೆ ಗಿರಿಜಮ್ಮ ಕೇಳಿ ಪಡೆದು, ಹಿತ್ತಲಿನ ಮಲ್ಲಿಗೆ ಬಳ್ಳಿಯನ್ನು ಕಾಂಪೌಂಡಿಗೆ ಬಿಗಿದರು. ಬಣ್ಣ ಹೋಗಿದೆ, ಫ್ಲಾನೆಲ್ ಎಳೆಯೆಳೆಯಾಗಿ ಉದುರಿದೆ. ಸುಗುಣ ಬಟ್ಟೆ ಒಣಗಿಸಲು ಬಂದಾಗ ನನ್ನ ಕಡೆ ನೋಡದೆ ದಾಟುತ್ತಾಳೆ.

ಯಾರನ್ನೂ ಕೇಳದೆ ಬೀಳುವ ಬಿಸಿಲು, ಬೆಳಗಿನಿಂದ ಸಂಜೆಯವರೆಗೆ, ಈಗ ನನ್ನ ಮೇಲಿದೆ. ನನಗೆ ಮೂಳೆಗಳಿಲ್ಲ.